ಚಿನ್ನಸ್ವಾಮಿಯಲ್ಲಿ ರಾತ್ರಿ ಮ್ಯಾಚ್: ಮುಗಿದ ಮೇಲೆ ಮನೆ ಸೇರುವ ದಾರಿ

ಮ್ಯಾಚ್ ಟಿಕೆಟ್ ಸಿಗುವುದು ಕಷ್ಟ. ಮ್ಯಾಚ್ ಮುಗಿಸಿ ಮನೆ ಸೇರುವುದು ಅದಕ್ಕಿಂತ ಕಷ್ಟ. ಟಿಕೆಟ್‌ಗಾಗಿ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ನಾವು, ವಾಪಸ್ ಹೋಗುವುದು ಹೇಗೆ ಅಂತ ಯೋಚನೆ ಶುರು ಮಾಡುವುದು ರಾತ್ರಿ ಹನ್ನೊಂದೂವರೆಗೆ, ಕ್ವೀನ್ಸ್ ರಸ್ತೆಯ ಮಧ್ಯೆ ನಿಂತುಕೊಂಡು. ಆಗ ಫೋನಿನಲ್ಲಿ ಚಾರ್ಜ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ, ಆಟೋದವರು ಹೇಳುವ ರೇಟಿಗೆ ಇನ್ನೊಂದು ಮ್ಯಾಚ್ ನೋಡಬಹುದು.

ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಒಂದು ಅನುಕೂಲ ಇದೆ. ಇದು ಊರಾಚೆ ಇಲ್ಲ, ನಡುಮಧ್ಯ ಇದೆ. ಕಬ್ಬನ್ ಪಾರ್ಕ್ ಮೆಟ್ರೋ ಸ್ಟೇಷನ್ ಮಗ್ಗುಲಲ್ಲೇ ಇದೆ. ಎಂಜಿ ರಸ್ತೆ ಸ್ಟೇಷನ್ ಸುಮಾರು ಕಾಲು ಗಂಟೆಯ ನಡಿಗೆ. ಶಿವಾಜಿನಗರ ಬಸ್ ನಿಲ್ದಾಣವೂ ನಡೆದು ಹೋಗುವಷ್ಟೇ ದೂರ. ತೊಂದರೆ ಇರುವುದು ಜನರ ಲೆಕ್ಕದಲ್ಲಿ. ಸ್ಟೇಡಿಯಂ ತುಂಬಿದರೆ ಮೂವತ್ತೈದು ಸಾವಿರದಷ್ಟು ಜನ. ಆರು ಬೋಗಿಯ ಒಂದು ಮೆಟ್ರೋ ರೈಲಿನಲ್ಲಿ ಒತ್ತಿಕೊಂಡು ನಿಂತರೆ ಹೆಚ್ಚುಕಮ್ಮಿ ಎರಡು ಸಾವಿರ. ಅರ್ಧ ಜನ ಮೆಟ್ರೋಗೆ ಬಂದರೂ ಎಂಟೊಂಬತ್ತು ರೈಲು ತುಂಬಬೇಕು. ಅದೂ ಬರುವ ರೈಲು ಖಾಲಿ ಇದ್ದರೆ. ಹಾಗಾಗಿ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದರೆ ಮುಕ್ಕಾಲು ಗಂಟೆ, ಒಂದು ಗಂಟೆ ಕಾಯುವುದು ಖಚಿತ. ಯಾರ ತಪ್ಪೂ ಅಲ್ಲ, ಬರೀ ಲೆಕ್ಕ.

ಈ ಲೆಕ್ಕದಿಂದ ತಪ್ಪಿಸಿಕೊಳ್ಳುವ ಉಪಾಯ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮನೆಯಲ್ಲೇ ಮುಗಿಸಬೇಕಾದ ಕೆಲಸ.

ಬೆಳಿಗ್ಗೆಯೇ ಮಾಡಿ

ವಾಪಸ್ ಬರುವ ಟಿಕೆಟ್ಟನ್ನು ಹೋಗುವ ಮೊದಲೇ ತೆಗೆದಿಟ್ಟುಕೊಳ್ಳಿ. ರಾತ್ರಿ ಕೌಂಟರ್ ಮುಂದೆ ನಿಂತು ಟೋಕನ್ ತಗೊಳ್ಳುತ್ತೇನೆ ಅಂದುಕೊಂಡರೆ ಕೆಟ್ಟಿರಿ. ಇದಕ್ಕೆ ಮೂರು ದಾರಿ ಇದೆ.

ನನಗೆ ಹಿಡಿಸಿದ್ದು ಸ್ಮಾರ್ಟ್ ಕಾರ್ಡ್. ಬೀಪ್ ಅಂದರೆ ಗೇಟು ತೆಗೆಯಿತು. ಫೋನ್ ಸತ್ತಿದ್ದರೂ ಚಿಂತೆ ಇಲ್ಲ. ಆದರೆ ಒಂದು ಕೊಕ್ಕೆ ಇದೆ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿದಾಗ ಗರಿಷ್ಠ ದರ 90 ರೂಪಾಯಿ ಆಯಿತು. ಅದರ ಜೊತೆಗೆ ಕಾರ್ಡಿನಲ್ಲಿ ಇರಲೇಬೇಕಾದ ಕನಿಷ್ಠ ಹಣವೂ 50ರಿಂದ 90ಕ್ಕೆ ಏರಿತು. ನಿಮ್ಮ ಸ್ಟೇಷನ್ನಿಗೆ ಬರೀ 30 ರೂಪಾಯಿ ಆಗುವುದಾದರೂ ಕಾರ್ಡಿನಲ್ಲಿ 90 ಇಲ್ಲದಿದ್ದರೆ ಗೇಟು ಒಳಗೆ ಬಿಡುವುದಿಲ್ಲ. ಒಮ್ಮೆ ನನ್ನ ಕಾರ್ಡಿನಲ್ಲಿ 70 ಚಿಲ್ಲರೆ ಇತ್ತು. ಹಿಂದೆ ನೂರಾರು ಜನ. ಗೇಟು ಕೆಂಪು ದೀಪ ತೋರಿಸುತ್ತಾ ಕೂತಿತು. ಆ ಕ್ಷಣದಲ್ಲಿ ಹಿಂದೆ ಇದ್ದವರು ನನ್ನ ಬಗ್ಗೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಹೋಗುವಾಗಲೂ ಕಾರ್ಡಿನಿಂದ ಹಣ ಕಡಿತ ಆಗುತ್ತದೆ ಅನ್ನುವುದನ್ನು ಮರೆಯಬೇಡಿ. ಇನ್ನೂರು ರೂಪಾಯಿ ಹಾಕಿಟ್ಟರೆ ನಿಶ್ಚಿಂತೆ.

ಎರಡನೆಯದು ಕ್ಯೂಆರ್ ಟಿಕೆಟ್. ನಮ್ಮ ಮೆಟ್ರೋ ಆ್ಯಪ್‌ನಲ್ಲಿ ಅಥವಾ ವಾಟ್ಸ್ಯಾಪ್‌ನಲ್ಲಿ ತೆಗೆಯಬಹುದು. ಸ್ಟೇಡಿಯಂ ಸುತ್ತ ಮ್ಯಾಚ್ ರಾತ್ರಿ ಇಂಟರ್‌ನೆಟ್ ನಂಬಬೇಡಿ. ಒಳಗೆ ಹೋಗುವ ಮೊದಲೇ ವಾಪಸ್ ಟಿಕೆಟ್ ತೆಗೆದು, ಫೋನಿನಲ್ಲಿ ತಕ್ಷಣ ಸಿಗುವ ಹಾಗೆ ಇಟ್ಟುಕೊಳ್ಳಿ. ಆರು ಜನರವರೆಗೆ ಒಂದೇ ಕ್ಯೂಆರ್‌ನಲ್ಲಿ ಗುಂಪು ಟಿಕೆಟ್ ಸಿಗುತ್ತದೆ. ಬೇರೆ ದಿನಗಳಿಗೆ ಅದು ಚೆನ್ನ. ಮ್ಯಾಚ್ ದಿನ ಬೇಡ. ಗುಂಪಿನಲ್ಲಿ ಒಬ್ಬನ ಫೋನು ಸತ್ತರೆ, ಇಲ್ಲಾ ಆ ಒಬ್ಬನೇ ಕಳೆದುಹೋದರೆ, ಆರೂ ಜನ ಗೇಟಿನ ಹೊರಗೆ. ನಮ್ಮ ಭಾವಮೈದುನನ ಫೋನಿನಲ್ಲಿ ನಮ್ಮೆಲ್ಲರ ಟಿಕೆಟ್ ಇದ್ದ ರಾತ್ರಿಯ ಕಥೆ ಮನೆಯಲ್ಲಿ ಇವತ್ತಿಗೂ ಹಬ್ಬಹಬ್ಬಕ್ಕೂ ಎದ್ದು ಬರುತ್ತದೆ.

ಮೂರನೆಯದು ಕಾಗದದ ಟಿಕೆಟ್. 2023ರ ವಿಶ್ವಕಪ್ ಪಂದ್ಯಗಳಿಗೆ ಮೆಟ್ರೋ ನಿಗಮ 50 ರೂಪಾಯಿಯ ವಾಪಸ್ ಪ್ರಯಾಣದ ಟಿಕೆಟ್ ಮಾರಿತ್ತು. ಎಲ್ಲ ಸ್ಟೇಷನ್‌ಗಳಲ್ಲೂ ಮುಂಚೆಯೇ ಕೊಳ್ಳಬಹುದಿತ್ತು. ಆದರೆ ರೈಲು ಹತ್ತುವುದಕ್ಕೆ ಕಬ್ಬನ್ ಪಾರ್ಕ್ ಮತ್ತು ಎಂಜಿ ರಸ್ತೆ, ಈ ಎರಡೇ ಸ್ಟೇಷನ್. ಇಳಿಯುವುದು ಎಲ್ಲಿ ಬೇಕಾದರೂ. ಇಂಥ ಟಿಕೆಟ್ ಸಿಕ್ಕಿದ ದಿನ ದೂರದವರಿಗೆ ಲಾಭ. ವೈಟ್‌ಫೀಲ್ಡ್‌ಗೋ ಚಲ್ಲಘಟ್ಟಕ್ಕೋ ಹೋಗುವವರು ಸುಮ್ನೆ ತಗೊಳ್ಳಿ. ಇಂದಿರಾನಗರಕ್ಕೆ ಹೋಗುವವರು ಕಾರ್ಡ್ ಇದ್ದರೆ ಕಾರ್ಡನ್ನೇ ಬಳಸಿ, ಅಷ್ಟು ದೂರಕ್ಕೆ 50 ರೂಪಾಯಿ ಜಾಸ್ತಿ.

ಇನ್ನು ಫೋನ್. ಪವರ್ ಬ್ಯಾಂಕ್, ಬ್ಯಾಗು, ನೀರಿನ ಬಾಟಲಿಯನ್ನು ಗೇಟಿನಲ್ಲಿ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಹಾಗಾಗಿ ಫೋನನ್ನು ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗಿ, ಒಳಗೆ ವಿಡಿಯೋ ತೆಗೆಯುವುದಕ್ಕೆ ಒಂದು ಮಿತಿ ಇರಲಿ. ಜೇಬಿನಲ್ಲಿ ನೂರು ಇನ್ನೂರು ರೂಪಾಯಿ ನೋಟೂ ಇರಲಿ.

ಕೊನೆ ರೈಲು ಎಷ್ಟು ಹೊತ್ತಿಗೆ?

ಇದರಲ್ಲಿ ಜನ ಮೋಸ ಹೋಗುವುದು ಜಾಸ್ತಿ. ಮಾಮೂಲಿ ದಿನ ತುದಿ ಸ್ಟೇಷನ್‌ಗಳಿಂದ ಕೊನೆ ರೈಲು ಹನ್ನೊಂದರ ಸುಮಾರಿಗೆ ಹೊರಡುತ್ತದೆ. ಏಳೂವರೆಗೆ ಶುರುವಾದ ಐಪಿಎಲ್ ಮ್ಯಾಚ್ ಮುಗಿಯುವುದೇ ಹನ್ನೊಂದು ದಾಟಿದ ಮೇಲೆ. ಅದಕ್ಕೇ ಮ್ಯಾಚ್ ದಿನ ಸಮಯ ಮುಂದಕ್ಕೆ ಹಾಕುತ್ತಾರೆ. 2025ರ ಐಪಿಎಲ್ ಪಂದ್ಯಗಳ ದಿನ ನಾಲ್ಕು ತುದಿ ಸ್ಟೇಷನ್‌ಗಳಿಂದ ಕೊನೆ ರೈಲು ರಾತ್ರಿ 12.30ಕ್ಕೆ ಇತ್ತು. ಮೆಜೆಸ್ಟಿಕ್‌ನಿಂದ ನಾಲ್ಕೂ ದಿಕ್ಕಿಗೆ 1.15ಕ್ಕೆ.

ಈ ಎರಡು ಸಂಖ್ಯೆಗಳ ಅರ್ಥ ತಿಳಿದುಕೊಳ್ಳಿ. 12.30 ಅಂದರೆ ಚಲ್ಲಘಟ್ಟದಿಂದ, ವೈಟ್‌ಫೀಲ್ಡ್‌ನಿಂದ ರೈಲು ಹೊರಡುವ ಹೊತ್ತು. ಅದು ಕಬ್ಬನ್ ಪಾರ್ಕಿಗೆ ಬರುವಷ್ಟರಲ್ಲಿ ಅರ್ಧ ಗಂಟೆಗೂ ಮೇಲೆ ಆಗಿರುತ್ತದೆ. ಅಂದರೆ ನಿಮ್ಮ ಹತ್ತಿರ ನೀವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಹೆಚ್ಚು ಸಮಯ ಇದೆ. ಆದರೆ ಕಬ್ಬನ್ ಪಾರ್ಕಿನ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಬದಲಾಯಿಸುವವರು ನೋಡಬೇಕಾದ್ದು ಮೆಜೆಸ್ಟಿಕ್‌ನ ಸಮಯ. ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ ಮೂರನೇ ಸ್ಟೇಷನ್. ವಿಧಾನಸೌಧ, ಸೆಂಟ್ರಲ್ ಕಾಲೇಜು, ಆಮೇಲೆ ಮೆಜೆಸ್ಟಿಕ್. ಅಲ್ಲಿ ಇಳಿದು ಒಂದು ಪ್ಲಾಟ್‌ಫಾರ್ಮ್‌ನಿಂದ ಇನ್ನೊಂದಕ್ಕೆ ಹೋಗುವುದಕ್ಕೆ, ಜನ ಇರುವ ರಾತ್ರಿ, ಹತ್ತು ನಿಮಿಷ ಇಟ್ಟುಕೊಳ್ಳಿ.

ಹಳದಿ ಮಾರ್ಗದವರ ಕಥೆ ಇನ್ನೂ ಉದ್ದ. 2025ರ ಆಗಸ್ಟ್‌ನಲ್ಲಿ ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದಾಗ ಎಲೆಕ್ಟ್ರಾನಿಕ್ಸ್ ಸಿಟಿಯ ಗೆಳೆಯರು ಕುಣಿದರು. ಕುಣಿಯಬೇಕಾದ್ದೇ. ಆದರೆ ಚಿನ್ನಸ್ವಾಮಿಯಿಂದ ಅಲ್ಲಿಗೆ ಹೋಗುವುದಕ್ಕೆ ನೇರಳೆ, ಹಸಿರು, ಹಳದಿ, ಮೂರೂ ಬಣ್ಣ ದಾಟಬೇಕು. ಮಧ್ಯೆ ಒಂದು ಕೊಂಡಿ ತಪ್ಪಿದರೆ ಜಯನಗರದ ಆಸುಪಾಸಿನಲ್ಲಿ ನಡುರಾತ್ರಿ ನಿಂತಿರುತ್ತೀರಿ. ಕೊನೆ ರೈಲನ್ನು ನೆಚ್ಚಿಕೊಂಡು ಇವರು ಹೊರಡಬಾರದು. ಇವರಿಗೆ ಬಸ್ಸೇ ವಾಸಿ, ಅದನ್ನು ಮುಂದೆ ಹೇಳುತ್ತೇನೆ.

ಸಮಯ ಪ್ರತಿ ಸಲ ಬದಲಾಗಬಹುದು. ಮ್ಯಾಚ್‌ನ ಹಿಂದಿನ ದಿನ ಅಥವಾ ಅವತ್ತೇ ಮೆಟ್ರೋ ನಿಗಮದ ಪ್ರಕಟಣೆ ಬರುತ್ತದೆ. ಅದನ್ನು ನೋಡದೆ ಮನೆ ಬಿಡಬೇಡಿ.

ಕೊನೆ ಓವರ್: ಎದ್ದು ಹೋಗಬೇಕಾ, ಕೂರಬೇಕಾ?

ಹದಿನೆಂಟನೇ ಓವರ್ ಮುಗಿಯುತ್ತಿದ್ದ ಹಾಗೆ ಎದ್ದು ಓಡುವ ಒಂದು ಜಾತಿ ಇದೆ. ಅವರು ಬೇಗ ಮನೆ ಸೇರುತ್ತಾರೆ, ನಿಜ. ಆದರೆ ಅಷ್ಟು ದುಡ್ಡು ಕೊಟ್ಟು, ಅಷ್ಟು ಹೊತ್ತು ಕೂತು, ಕೊನೆಯ ಹನ್ನೆರಡು ಬಾಲನ್ನು ಮೆಟ್ರೋ ಮೆಟ್ಟಿಲ ಮೇಲೆ ಫೋನಿನಲ್ಲಿ ನೋಡುವುದು ಯಾವ ಸುಖ? ನನ್ನ ಸಲಹೆ ಇದಕ್ಕೆ ಉಲ್ಟಾ. ಕೂತುಬಿಡಿ. ಮ್ಯಾಚ್ ಮುಗಿದ ಮೇಲೆ ಇಪ್ಪತ್ತು ನಿಮಿಷ ಸೀಟಿನಲ್ಲೇ ಇರಿ. ಬಹುಮಾನ ಕೊಡುವುದನ್ನು ನೋಡಿ. ಇರುವ ನೀರು ಕುಡಿಯಿರಿ, ಶೌಚಾಲಯಕ್ಕೆ ಹೋಗಿ ಬನ್ನಿ. ಈ ಇಪ್ಪತ್ತು ನಿಮಿಷದಲ್ಲಿ ಹೊರಗಿನ ಮೊದಲ ನೂಕುನುಗ್ಗಲು ಕರಗಿರುತ್ತದೆ. ಹೇಗಿದ್ದರೂ ಅಷ್ಟು ಹೊತ್ತು ಮೆಟ್ರೋ ಬಾಗಿಲಲ್ಲಿ ಬೆವರುತ್ತಾ ನಿಲ್ಲುತ್ತಿದ್ದಿರಿ.

ಮಳೆ ಬಂದರೆ ಲೆಕ್ಕ ತಪ್ಪುತ್ತದೆ. ಚಿನ್ನಸ್ವಾಮಿಯಲ್ಲಿ ನೆಲದಡಿಯಿಂದ ನೀರು ಹೀರುವ ಸಬ್‌ಏರ್ ವ್ಯವಸ್ಥೆ ಇದೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಆಟ ಮತ್ತೆ ಶುರುವಾಗಬಹುದು. ಹಾಗಾಗಿ ಹತ್ತು ಗಂಟೆಗೂ ಜನ ಆಸೆಯಿಂದ ಕೂತಿರುತ್ತಾರೆ, ಮ್ಯಾಚ್ ನಡುರಾತ್ರಿಗೆ ಎಳೆಯಬಹುದು. ಕೆಲವೊಮ್ಮೆ ಆಸೆಯೇ ಸುಳ್ಳಾಗುತ್ತದೆ. 2025ರ ಮೇ 17ರಂದು ಆರ್‌ಸಿಬಿ ಮತ್ತು ಕೋಲ್ಕತ್ತಾ ಪಂದ್ಯ ಒಂದು ಬಾಲೂ ಆಗದೆ ರದ್ದಾಯಿತು. ರದ್ದು ಅಂದ ತಕ್ಷಣ ಎಲ್ಲರೂ ಒಟ್ಟಿಗೆ ಎದ್ದು ಬರುತ್ತಾರೆ, ಅದೂ ಒದ್ದೆಯಾಗಿ, ಬೇಜಾರಾಗಿ. ಅಂಥ ರಾತ್ರಿ ನನ್ನ ಇಪ್ಪತ್ತು ನಿಮಿಷದ ಸೂತ್ರವನ್ನು ಮೂವತ್ತು ಮಾಡಿಕೊಳ್ಳಿ. ಕೊನೆ ರೈಲಿನ ಹೊತ್ತನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡಿರಿ.

ಮನೆಗೆ ಬೆನ್ನು ಹಾಕಿ ನಡೆಯಿರಿ

ಈಗ ಆ ಉಪಾಯ. ಗೇಟಿನಿಂದ ಹೊರಬಿದ್ದ ಜನ ಕಣ್ಣಿಗೆ ಕಾಣುವ ಮೊದಲ ಸ್ಟೇಷನ್ನಿಗೆ ನುಗ್ಗುತ್ತಾರೆ, ಅಂದರೆ ಕಬ್ಬನ್ ಪಾರ್ಕ್‌ಗೆ. ನೀವು ಅಲ್ಲಿಗೆ ಹೋಗಬೇಡಿ. ನಿಮ್ಮ ರೈಲು ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಒಂದು ಸ್ಟೇಷನ್ ನಡೆಯಿರಿ.

ಮೆಜೆಸ್ಟಿಕ್, ವಿಜಯನಗರ, ಕೆಂಗೇರಿ, ಇಲ್ಲವೇ ಹಸಿರು ಮಾರ್ಗದ ಜಯನಗರ, ಯಶವಂತಪುರ, ಪೀಣ್ಯ ಕಡೆಯವರಾ? ನಿಮ್ಮ ರೈಲು ವೈಟ್‌ಫೀಲ್ಡ್ ಕಡೆಯಿಂದ ಬರುತ್ತದೆ. ಕಬ್ಬನ್ ಪಾರ್ಕಿಗಿಂತ ಮುಂಚೆ ಎಂಜಿ ರಸ್ತೆಯಲ್ಲಿ ನಿಲ್ಲುತ್ತದೆ. ಹಾಗಾಗಿ ಎಂಜಿ ರಸ್ತೆ ಸ್ಟೇಷನ್ನಿಗೆ ನಡೆಯಿರಿ. ಮನೆ ಪಶ್ಚಿಮಕ್ಕೆ, ನೀವು ನಡೆಯುವುದು ಪೂರ್ವಕ್ಕೆ. ವಿಚಿತ್ರ ಅನ್ನಿಸುತ್ತದೆ ಅಲ್ವಾ? ಆದರೆ ಆ ಹೊತ್ತಿನಲ್ಲಿ ವೈಟ್‌ಫೀಲ್ಡ್‌ನಿಂದ ಊರೊಳಗೆ ಬರುವ ರೈಲಿನಲ್ಲಿ ಜನ ಕಮ್ಮಿ. ನೀವು ಆರಾಮಾಗಿ ಹತ್ತಿ, ಸೀಟು ಸಿಕ್ಕರೆ ಕೂತು, ಮುಂದಿನ ಸ್ಟೇಷನ್ನಿನಲ್ಲಿ ಬಾಗಿಲು ತೆಗೆದಾಗ ನುಗ್ಗುವ ಜನಸಾಗರವನ್ನು ಒಳಗಿನಿಂದ ನೋಡಬಹುದು. ಎಂಜಿ ರಸ್ತೆಯಲ್ಲೂ ಸಾಲು ಉದ್ದ ಇದ್ದರೆ ಇನ್ನೊಂದು ಸ್ಟೇಷನ್ ಮುಂದೆ, ಟ್ರಿನಿಟಿಗೆ ನಡೆಯಿರಿ.

ಇಂದಿರಾನಗರ, ಬೈಯಪ್ಪನಹಳ್ಳಿ, ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆಯವರಿಗೆ ಇದರ ತಿರುಗುಮುರುಗು. ನಿಮ್ಮ ರೈಲು ಮೆಜೆಸ್ಟಿಕ್ ಕಡೆಯಿಂದ ಬರುತ್ತದೆ. ಕಬ್ಬನ್ ಪಾರ್ಕಿಗೆ ಮುಂಚೆ ಡಾ. ಬಿ.ಆರ್. ಅಂಬೇಡ್ಕರ್ ಸ್ಟೇಷನ್, ಅಂದರೆ ವಿಧಾನಸೌಧ. ಅಂಬೇಡ್ಕರ್ ಬೀದಿ ಹಿಡಿದು ನಡೆದರೆ ಒಂದು ಕಡೆ ವಿಧಾನಸೌಧ, ಇನ್ನೊಂದು ಕಡೆ ಹೈಕೋರ್ಟು. ಹಗಲಲ್ಲಿ ಸಿಗದ ನೆಮ್ಮದಿ ಆ ರಸ್ತೆಯಲ್ಲಿ ರಾತ್ರಿ ಸಿಗುತ್ತದೆ.

ಎರಡು ಎಚ್ಚರಿಕೆ. 50 ರೂಪಾಯಿ ಕಾಗದದ ಟಿಕೆಟ್ ಇದ್ದವರು ವಿಧಾನಸೌಧಕ್ಕೋ ಟ್ರಿನಿಟಿಗೋ ಹೋದರೆ ಅದು ನಡೆಯುವುದಿಲ್ಲ. ಈ ಉಪಾಯಕ್ಕೆ ಕಾರ್ಡ್ ಅಥವಾ ಕ್ಯೂಆರ್ ಬೇಕು. ಇನ್ನೊಂದು, ಮಾಮೂಲಿ ಸಮಯ ಮುಗಿದ ಮೇಲೆ ಯಾವ ಸ್ಟೇಷನ್ ತೆರೆದಿರುತ್ತದೆ ಅನ್ನುವುದನ್ನು ಅವತ್ತಿನ ಪ್ರಕಟಣೆಯಲ್ಲಿ ನೋಡಿಕೊಂಡೇ ನಡೆಯಲು ಶುರು ಮಾಡಿ. ತೀರಾ ತಡವಾಗಿದ್ದರೆ ಜಾಣತನ ಬೇಡ, ಹತ್ತಿರದ ಸ್ಟೇಷನ್ನಿನ ಸಾಲಿಗೆ ಸೇರಿ.

ಜೊತೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೂ ಅಷ್ಟೇ, ದೂರ ನಡೆಸಬೇಡಿ. ಸೀಟಿನಲ್ಲಿ ಕಾದು, ಜನ ಕರಗಿದ ಮೇಲೆ ಕಬ್ಬನ್ ಪಾರ್ಕಿಗೇ ಹೋಗಿ. ಮಗುವಿನ ಜೇಬಿನಲ್ಲಿ ನಿಮ್ಮ ನಂಬರ್ ಬರೆದ ಚೀಟಿ ಇರಲಿ. ಕಳೆದುಹೋದರೆ ಸೇರುವ ಜಾಗ ಮೊದಲೇ ಮಾತಾಡಿಕೊಳ್ಳಿ. "ಗೇಟ್ ಹತ್ರ ಸಿಗೋಣ" ಅನ್ನಬೇಡಿ, ಸ್ಟೇಡಿಯಂ ಸುತ್ತ ಗೇಟುಗಳು ಬೇಕಾದಷ್ಟಿವೆ. ಎಂಜಿ ರಸ್ತೆಯ ಗಾಂಧಿ ಪ್ರತಿಮೆ ಅನ್ನಿ. ಎಲ್ಲರಿಗೂ ಗೊತ್ತು.

ಜನ ಒತ್ತಿದರೆ

2025ರ ಜೂನ್ 4ರ ಮಧ್ಯಾಹ್ನವನ್ನು ಇಲ್ಲಿ ಹೇಳದೆ ಇರುವುದಕ್ಕೆ ಆಗುವುದಿಲ್ಲ. ಹಿಂದಿನ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತ್ತು. ವಿಜಯೋತ್ಸವಕ್ಕೆ ಬಂದ ಜನ ಸ್ಟೇಡಿಯಂ ಗೇಟುಗಳಲ್ಲಿ ಒತ್ತಿಕೊಂಡರು. 11 ಜನ ಸತ್ತರು. ಅವತ್ತು ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧ ಸ್ಟೇಷನ್‌ಗಳಲ್ಲಿ ಮೆಟ್ರೋ ನಿಲ್ಲಿಸುವುದನ್ನೇ ಬಿಟ್ಟರು.

ಹಾಗಾಗಿ ಸ್ಟೇಷನ್ನಿನ ಶಟರ್ ಅರ್ಧ ಇಳಿದಿದ್ದರೆ, ಜನರನ್ನು ತಡೆತಡೆದು ಒಳಗೆ ಬಿಡುತ್ತಿದ್ದರೆ, ಅದಕ್ಕೆ ಅಂಟಿಕೊಂಡು ನಿಲ್ಲಬೇಡಿ. ಒಳಗಿನ ಪ್ಲಾಟ್‌ಫಾರ್ಮ್ ತುಂಬಿದೆ ಅಂತಲೇ ತಡೆದಿರುತ್ತಾರೆ. ಎದೆಗೆ ಒತ್ತು ಬೀಳುತ್ತಿದೆ ಅನ್ನಿಸಿದ ಕ್ಷಣವೇ ಓರೆಯಾಗಿ, ಬದಿಗೆ ಸರಿಯುತ್ತಾ ಹೊರಬನ್ನಿ. ಜನದ ವಿರುದ್ಧ ನೇರ ಹಿಂದಕ್ಕೆ ನೂಕುವುದು ಆಗದ ಕೆಲಸ. ಕೈಗಳು ಎದೆ ಮುಂದೆ ಇರಲಿ. ಚಪ್ಪಲಿ ಜಾರಿದರೆ ಬಿಟ್ಟುಬಿಡಿ, ಬಗ್ಗಬೇಡಿ. ಫೋನ್ ಬಿದ್ದರೂ ಅಷ್ಟೇ. ತುರ್ತಿಗೆ 112.

ಪ್ಲಾಟ್‌ಫಾರ್ಮ್‌ಗೆ ಇಳಿದ ಮೇಲೆ ಎಲ್ಲರೂ ಎಸ್ಕಲೇಟರ್ ಬುಡದಲ್ಲೇ ಗುಂಪುಗೂಡುತ್ತಾರೆ. ನೀವು ತುದಿಯವರೆಗೆ ನಡೆಯಿರಿ. ರೈಲಿನ ಮೊದಲ ಬೋಗಿ ಹೆಂಗಸರಿಗೆ ಮೀಸಲು. ಹೆಂಗಸರು ಆ ತುದಿಗೆ, ಗಂಡಸರು ಹಿಂದಿನ ತುದಿಗೆ.

ಬಸ್ಸಿನ ದಾರಿ

ಮೆಟ್ರೋ ಹೋಗದ ಕಡೆಗೂ ಬಿಎಂಟಿಸಿ ಮ್ಯಾಚ್ ದಿನ ವಿಶೇಷ ಬಸ್ ಬಿಡುತ್ತದೆ. ಹಿಂದಿನ ಪಂದ್ಯಗಳಲ್ಲಿ ಜಿ ಅಕ್ಷರದ ನಂಬರುಗಳಲ್ಲಿ ಸರ್ಜಾಪುರ, ಎಲೆಕ್ಟ್ರಾನಿಕ್ಸ್ ಸಿಟಿ, ಬನ್ನೇರುಘಟ್ಟ, ಕೆಂಗೇರಿ, ನೆಲಮಂಗಲ, ಯಲಹಂಕ, ಬಾಗಲೂರು ಕಡೆಗೆ ಬಸ್‌ಗಳಿದ್ದವು. ಹೊಸಕೋಟೆಗೂ ಇತ್ತು. ಯಲಹಂಕ, ಬಾಗಲೂರು, ಸರ್ಜಾಪುರದವರಿಗೆ ಇದು ವರ. ಮೂರು ಬಣ್ಣ ಬದಲಾಯಿಸಬೇಕಾದ ಎಲೆಕ್ಟ್ರಾನಿಕ್ಸ್ ಸಿಟಿಯವರಿಗೂ ಹೊಸೂರು ರಸ್ತೆಯ ಬಸ್ಸೇ ಸಲೀಸು, ರಾತ್ರಿ ಟ್ರಾಫಿಕ್ಕೂ ಇರುವುದಿಲ್ಲ.

ಬಸ್ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಮ್ಯಾಚ್‌ಗೆ ಹೋಗುವಾಗಲೇ ನೋಡಿಟ್ಟುಕೊಳ್ಳಿ. ಅಲ್ಲೇ ಇರುವ ಟ್ರಾಫಿಕ್ ಪೊಲೀಸರನ್ನು ಕೇಳಿ, ಸಂಜೆ ಅವರಿಗೂ ತಾಳ್ಮೆ ಇರುತ್ತದೆ. ರಾತ್ರಿ ಬೋರ್ಡ್ ನೋಡಿ ಹತ್ತಿ, ಹತ್ತಿದ ಮೇಲೆ ಕಂಡಕ್ಟರ್‌ಗೆ ನಿಮ್ಮ ಸ್ಟಾಪ್ ಹೇಳಿ ಖಚಿತ ಮಾಡಿಕೊಳ್ಳಿ. ವಿಶೇಷ ಬಸ್ ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತದೆ ಅಂದುಕೊಳ್ಳಬೇಡಿ.

ಇಳಿದ ಮೇಲಿನ ಎರಡು ಕಿಲೋಮೀಟರ್

ಮೆಟ್ರೋ ಇಳಿದು ಮನೆಗೆ ಹೋಗುವ ತುಣುಕು ದಾರಿಗೇ ಕೆಲವೊಮ್ಮೆ ಅತಿ ಹೆಚ್ಚು ಖರ್ಚು. ಬೈಕ್ ಇದ್ದವರು ನಿಮ್ಮ ಕಡೆಯ ಸ್ಟೇಷನ್ ಪಾರ್ಕಿಂಗ್‌ನಲ್ಲಿ ಬಿಟ್ಟು ಬನ್ನಿ. ಪಾರ್ಕಿಂಗ್ ರಾತ್ರಿ ಎಷ್ಟು ಹೊತ್ತಿನವರೆಗೆ ಅಂತ ಗಾಡಿ ಬಿಡುವಾಗಲೇ ಕೇಳಿ. ಆಟೋ ಹಿಡಿಯುವವರಿಗೆ ದರ ಗೊತ್ತಿರಲಿ. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು. ಅಂದರೆ ಎರಡು ಕಿಲೋಮೀಟರ್‌ಗೆ ರಾತ್ರಿ ನ್ಯಾಯವಾದ ಬೆಲೆ 54. ನೂರು ಕೇಳಿದರೆ ಚೌಕಾಸಿ ಮಾಡಿ, ಮುನ್ನೂರು ಕೇಳಿದರೆ ನಡೆಯಿರಿ.

ಬೇರೆ ಊರಿನಿಂದ ಬಂದವರಿಗೆ

ಮೈಸೂರು, ಮಂಡ್ಯ ಕಡೆಯವರು ನೇರಳೆ ಮಾರ್ಗದಲ್ಲಿ ದೀಪಾಂಜಲಿ ನಗರದಲ್ಲಿ ಇಳಿದರೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ ಹತ್ತಿರ. ತುಮಕೂರು, ಹಾಸನದವರು ಮೆಜೆಸ್ಟಿಕ್‌ನಲ್ಲಿ ಇಳಿದು ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಹೋಗುವುದು ಸರಿ. ಕೋಲಾರದವರು ಊರೊಳಗೆ ವಾಪಸ್ ಬರಬೇಕಾಗಿಲ್ಲ. ವೈಟ್‌ಫೀಲ್ಡ್ ಕಡೆಯ ಮೆಟ್ರೋ ಹತ್ತಿ ಬೆನ್ನಿಗಾನಹಳ್ಳಿಯಲ್ಲಿ ಇಳಿದರೆ ಟಿನ್ ಫ್ಯಾಕ್ಟರಿ, ಅಲ್ಲಿ ಬಸ್ ಹಿಡಿಯಬಹುದು. ರೈಲಿನಲ್ಲಿ ಹೋಗುವ ಯೋಚನೆ ಇದ್ದರೆ, ರಾತ್ರಿ ರೈಲುಗಳಲ್ಲಿ ಬಹುಪಾಲು ಮ್ಯಾಚ್ ಮುಗಿಯುವ ಹೊತ್ತಿಗೆ ಹೊರಟಾಗಿರುತ್ತವೆ. ಮೊದಲ ಇನಿಂಗ್ಸ್ ಮುಗಿಸಿ ಓಡುವ ಬದಲು ಬೆಳಗಿನ ರೈಲಿಗೆ ಟಿಕೆಟ್ ಮಾಡಿಸಿ, ಮೆಜೆಸ್ಟಿಕ್ ಸುತ್ತ ಒಂದು ರೂಮು ನೋಡಿಕೊಳ್ಳಿ.

ಎಲ್ಲವೂ ಕೈಕೊಟ್ಟು ಕೊನೆ ರೈಲೂ ತಪ್ಪಿತು ಅನ್ನಿ. ಬೆಳಗಿನ ಮೆಟ್ರೋ ಸಾಮಾನ್ಯವಾಗಿ ಐದು ಗಂಟೆಗೆ. ಆದರೆ ಶನಿವಾರ ರಾತ್ರಿಯ ಮ್ಯಾಚ್ ಆಗಿದ್ದರೆ ಅದನ್ನು ನಂಬಿ ಕೂರಬೇಡಿ, ಭಾನುವಾರ ಮೆಟ್ರೋ ಏಳುವುದೇ ಏಳು ಗಂಟೆಗೆ.